ಅದು ಪಿಟೀಲೂ ಅಲ್ಲ, ಫಿಕ್ಸೆಡ್ ಡೆಪಾಸಿಟ್ಟೂ ಅಲ್ಲ

ಮಾನ್ಯ ಸಂಪಾದಕರೇ,

ಹೋದ ಭಾನುವಾರದ ನಿಮ್ಮ ಪುರವಣಿಯಲ್ಲಿ, ಹಳೆಯ ವಾದ್ಯಗಳನ್ನು ಕೊಂಡಿಟ್ಟುಕೊಂಡರೆ ಒಳ್ಳೆ ಲಾಭ ಅನ್ನುವ ಬರಹ ಓದಿದೆ. ಮಧ್ಯದಲ್ಲಿ ಒಂದು ಚಿತ್ರ. ಅದರ ಕೆಳಗೆ ‘ಪಿಟೀಲು ಮಾದರಿಯ ಪುರಾತನ ಗಿಟಾರ್, ಹೂಡಿಕೆಗೆ ಸೂಕ್ತ’ ಎಂದು ಬರೆದಿತ್ತು. ಕಾಫಿ ಲೋಟ ಕೆಳಗಿಟ್ಟು, ಕನ್ನಡಕ ಹುಡುಕಿ ಹಾಕಿಕೊಂಡು ಇನ್ನೊಂದು ಸಲ ನೋಡಿದೆ. ಅಂಥದ್ದೇ ಒಂದು ಗಿಟಾರ್ ಇಪ್ಪತ್ತು ವರ್ಷಕ್ಕೂ ಮೇಲಿಂದ ನನ್ನ ಮನೆಯಲ್ಲಿದೆ. ಸದ್ಯ ಹಾಲ್‌ನಲ್ಲಿ ದಿವಾನದ ಪಕ್ಕ ಒರಗಿಕೊಂಡಿದೆ. ಪತ್ರಿಕೆ ಮಡಚಿಡುವ ಮೊದಲೇ ಅಕ್ಕನ ಮಗನ ಫೋನ್ ಬಂತು. “ಮಾಮ, ಪೇಪರ್‌ನಲ್ಲಿ ಬಂದಿರೋದು ನಿಮ್ಮ ಹತ್ರ ಇರೋದೇ ಅಲ್ವಾ? ಅದನ್ನ ಹಾಗೆ ಹಾಲ್‌ನಲ್ಲಿ ಇಟ್ಕೋತಾರಾ ಯಾರಾದ್ರೂ? ಲಾಕರ್‌ಗೆ ಹಾಕಿ.” ಅದಕ್ಕೇ ಈ ಪತ್ರ. ಸ್ವಲ್ಪ ಉದ್ದವಾಗುತ್ತದೆ, ಕತ್ತರಿಸುವುದಿದ್ದರೆ ಕತ್ತರಿಸಿಕೊಳ್ಳಿ.

ಮೊದಲು ಆ ಚಿತ್ರದ ವಿಷಯ ಮುಗಿಸುತ್ತೇನೆ. ಅದನ್ನು ಆರ್ಚ್‌ಟಾಪ್ ಗಿಟಾರ್ ಅನ್ನುತ್ತಾರೆ. ಮಾಮೂಲಿ ಗಿಟಾರಿನ ಮುಖ ಚಪ್ಪಟೆ, ಮಧ್ಯೆ ಒಂದು ದುಂಡು ತೂತು. ಇದರ ಮುಖ ಉಬ್ಬು, ಎರಡು ಪಕ್ಕದಲ್ಲಿ ಇಂಗ್ಲಿಷಿನ ಎಫ್ ಅಕ್ಷರದಂಥ ಸೀಳು. ಹಾಗಾಗಿ ಪಿಟೀಲು ನೆನಪಾಗುವುದು ತಪ್ಪೇನಲ್ಲ. ಒಳ್ಳೆಯ ಆರ್ಚ್‌ಟಾಪ್‌ನ ಮುಖವನ್ನು ತೆಳು ಹಲಗೆ ಬಗ್ಗಿಸಿ ಮಾಡುವುದಿಲ್ಲ. ದಪ್ಪನೆಯ ಸ್ಪ್ರೂಸ್ ಮರದ ತುಂಡು ತಗೊಂಡು, ಹೊರಗೂ ಒಳಗೂ ಕೆತ್ತಿ ಕೆತ್ತಿ ಉಬ್ಬು ತರುತ್ತಾರೆ. ಮಧ್ಯದಲ್ಲಿ ಸ್ವಲ್ಪ ದಪ್ಪ, ಅಂಚಿಗೆ ಬರುತ್ತಾ ತೆಳು. ಹಿಂಭಾಗ, ಪಕ್ಕಗಳು ಮೇಪಲ್ ಮರದವು.

ವೀಣೆ ಬಲ್ಲವರಿಗೆ ಇದನ್ನು ಅರ್ಥ ಮಾಡಿಸುವುದು ಸುಲಭ. ನಮ್ಮಮ್ಮ ವೀಣೆ ನುಡಿಸುತ್ತಿದ್ದರು, ನಾನು ಕುದುರೆ (ತಂತಿ ಹೊರುವ ತುಂಡು), ಬಿರಡೆ (ತಂತಿ ಬಿಗಿಸುವ ಗೂಟ), ನಾಗಪಾಶ (ತಂತಿಯ ತುದಿ ಕಟ್ಟುವ ಜಾಗ) ಅನ್ನುವ ಮಾತುಗಳನ್ನು ಕೇಳುತ್ತಲೇ ಬೆಳೆದವನು. ಮಾಮೂಲಿ ಗಿಟಾರಿನಲ್ಲಿ ತಂತಿಗಳು ಕುದುರೆಯಲ್ಲೇ ಮುಗಿಯುತ್ತವೆ. ಕುದುರೆಯನ್ನು ಮುಖಕ್ಕೆ ಅಂಟಿಸಿರುತ್ತಾರೆ, ತಂತಿ ಅದನ್ನು ಎಳೆಯುತ್ತಾ ಇರುತ್ತದೆ. ಆರ್ಚ್‌ಟಾಪ್‌ನಲ್ಲಿ ಹಾಗಲ್ಲ. ತಂತಿ ಕುದುರೆಯ ಮೇಲೆ ಹಾದು ತುದಿಯಲ್ಲಿರುವ ಲೋಹದ ಪಟ್ಟಿಗೆ ಹೋಗಿ ಸೇರುತ್ತದೆ, ನಾಗಪಾಶಕ್ಕೆ ಹೋಗಿ ಸೇರಿದಂತೆ. ಕುದುರೆಗೆ ಒಂದು ಹನಿ ಅಂಟೂ ಇಲ್ಲ, ಮೊಳೆಯೂ ಇಲ್ಲ. ತಂತಿಯ ಒತ್ತಡಕ್ಕೆ ಸುಮ್ನೆ ನಿಂತಿರುತ್ತದೆ. ಆರೂ ತಂತಿ ಒಟ್ಟಿಗೆ ಬಿಚ್ಚಿದರೆ ಕುದುರೆ ಕೈಗೆ ಬರುತ್ತದೆ. ನಾನು ಮೊದಲ ಸಲ ತಂತಿ ಬದಲಾಯಿಸಿದಾಗ ಹಾಗೇ ಆಯಿತು. ಗಿಟಾರ್ ಮುರಿದೇಹೋಯಿತು ಅಂದುಕೊಂಡು ಅರ್ಧ ಗಂಟೆ ತಲೆ ಮೇಲೆ ಕೈಹೊತ್ತು ಕೂತಿದ್ದೆ.

ನಾನು 1996ರಿಂದ 2015ರವರೆಗೆ ಅಮೆರಿಕದ ಮಿಷಿಗನ್ ರಾಜ್ಯದ ಕಲಾಮಜೂ ಎಂಬ ಊರಿನಲ್ಲಿದ್ದೆ. ಔಷಧ ತಯಾರಿಸುವ ಕಡೆ ಕೆಲಸ. ಡೆಟ್ರಾಯಿಟ್‌ನಿಂದ ಷಿಕಾಗೋಗೆ ಹೋಗುವ ಹೆದ್ದಾರಿಯಲ್ಲಿ ಹೆಚ್ಚುಕಮ್ಮಿ ನಡುವಿಗೆ ಸಿಗುವ ಊರು. ಹೋಗಿ ಸುಮಾರು ದಿನದ ತನಕ, ಗಿಬ್ಸನ್ ಗಿಟಾರ್‌ಗಳು ಹುಟ್ಟಿದ್ದು ಅದೇ ಊರಿನಲ್ಲಿ ಅಂತ ನನಗೆ ಗೊತ್ತೇ ಇರಲಿಲ್ಲ! ಪಾರ್ಸನ್ಸ್ ಬೀದಿಯಲ್ಲಿ ಇಟ್ಟಿಗೆ ಚಿಮಣಿ ಇರುವ ಹಳೆ ಕಾರ್ಖಾನೆ. 1917ರಲ್ಲಿ ಕಟ್ಟಿದ್ದು. 1984ರಲ್ಲಿ ಗಿಬ್ಸನ್ ಕಂಪನಿ ಅದನ್ನು ಮುಚ್ಚಿ ಪೂರ್ತಿಯಾಗಿ ನ್ಯಾಶ್‌ವಿಲ್‌ಗೆ ಹೊರಟುಹೋಯಿತು. ಊರು ಬಿಟ್ಟು ಹೋಗಲು ಒಪ್ಪದ ಕೆಲವು ಕೆಲಸಗಾರರು 1985ರಲ್ಲಿ ಅದೇ ಕಟ್ಟಡದಲ್ಲಿ ಹೆರಿಟೇಜ್ ಅನ್ನುವ ಹೆಸರಿನಲ್ಲಿ ಗಿಟಾರ್ ಮಾಡತೊಡಗಿದರು. ದಿನಾ ಆ ಚಿಮಣಿ ನೋಡುತ್ತಾ ಕೆಲಸಕ್ಕೆ ಹೋಗುತ್ತಿದ್ದವನು ನಾನು.

ಇಡೀ ಕಥೆ ಶುರುವಾದದ್ದು ಆರ್ವಿಲ್ ಗಿಬ್ಸನ್ ಎಂಬ ಒಬ್ಬನಿಂದ. ಚಪ್ಪಲಿ, ಬೂಟು ಮಾರುವ ಅಂಗಡಿಯಲ್ಲಿ ಗುಮಾಸ್ತ. ಬಿಡುವಿನಲ್ಲಿ ಮರ ಕೆತ್ತುತ್ತಿದ್ದ. ಪಿಟೀಲಿನ ಮುಖದಂತೆ ಮ್ಯಾಂಡೊಲಿನ್‌ನ ಮುಖವನ್ನೂ ಕೆತ್ತಿದರೆ ಹೇಗೆ ಅಂತ ಅವನಿಗೆ ಹೊಳೆಯಿತು. 1898ರಲ್ಲಿ ಪೇಟೆಂಟ್ ಸಿಕ್ಕಿತು, 1902ರಲ್ಲಿ ಕಂಪನಿ ಆಯಿತು. ಆಮೇಲೆ ಲಾಯ್ಡ್ ಲೋರ್ ಅನ್ನುವ ಮ್ಯಾಂಡೊಲಿನ್ ವಾದಕ ಅಲ್ಲಿ ಕೆಲಸಕ್ಕೆ ಸೇರಿದ. ಅವನಿದ್ದ ಕಾಲದಲ್ಲೇ, 1922ರಲ್ಲಿ, ಎಲ್-5 ಎಂಬ ಗಿಟಾರ್ ಬಂತು. ಎಫ್ ಸೀಳಿನ ಆರ್ಚ್‌ಟಾಪ್‌ಗಳಿಗೆಲ್ಲ ಅದೇ ಮಾದರಿ. ಹಳ್ಳಿಗಾಡಿನ ಹಾಡು ಹಾಡುತ್ತಿದ್ದ ಮೇಬೆಲ್ ಕಾರ್ಟರ್ ತಮ್ಮ 1928ರ ಎಲ್-5 ಅನ್ನು ಜೀವಮಾನವಿಡೀ ನುಡಿಸಿದರು. ಅದೀಗ ನ್ಯಾಶ್‌ವಿಲ್‌ನ ಸಂಗ್ರಹಾಲಯದಲ್ಲಿದೆ. ಅದು ಅಲ್ಲಿರುವುದು ಸರಿ, ಅಷ್ಟು ದುಡಿದ ಮೇಲೆ ವಿಶ್ರಾಂತಿ ಬೇಡವೇ?

ನನ್ನದು ಎಲ್-5 ಅಲ್ಲ. ಅದರ ತಮ್ಮ ಎಲ್-7. ಕೆತ್ತನೆ ಅದೇ ತರಹದ್ದು, ಒಡವೆ ಮಾತ್ರ ಕಮ್ಮಿ. ಎಡಗಡೆಯ ಎಫ್ ಸೀಳಿನಲ್ಲಿ ಟಾರ್ಚ್ ಬಿಟ್ಟು ನೋಡಿದರೆ ಒಳಗೆ ಹಳದಿಯಾದ ಒಂದು ಚೀಟಿ ಕಾಣುತ್ತದೆ, ಅದರ ಮೇಲೆ ನಂಬರ್. ಆ ಲೆಕ್ಕದಲ್ಲಿ 1938ರದ್ದು. ನಮ್ಮ ಬೀದಿಯಲ್ಲೇ ಇದ್ದ ಒಬ್ಬ ಮುದುಕ, ಹರೆಯದಲ್ಲಿ ಡ್ಯಾನ್ಸ್ ಹಾಲ್‌ಗಳಲ್ಲಿ ಬಾರಿಸುತ್ತಿದ್ದವರು, ಕೈಬೆರಳು ಸಂಧಿವಾತದಿಂದ ಸೊಟ್ಟಗಾದ ಮೇಲೆ 2003ರಲ್ಲಿ ನನಗೆ 1,800 ಡಾಲರ್‌ಗೆ ಕೊಟ್ಟರು. ಹೆಂಡತಿಗೆ ನಾನು ಹೇಳಿದ ಅಂಕಿ ಬೇರೆ. ಈ ಪತ್ರ ಅಚ್ಚಾದರೆ ಆ ವಿಚಾರವೂ ಬಯಲಾಗುತ್ತದೆ, ಆಗಲಿ.

ಮನೆಗೆ ತಂದು ನುಡಿಸಿದೆ. ನಿರಾಸೆ. ನಿಜವಾಗಿ ಹೇಳುತ್ತೇನೆ, ಕಾಲೇಜಿನಲ್ಲಿದ್ದಾಗ ಕೊಂಡಿದ್ದ ಕೋಲ್ಕತ್ತಾದ ಅಗ್ಗದ ಗಿಟಾರೇ ಇದಕ್ಕಿಂತ ಇಂಪಾಗಿತ್ತು. ಬೆರಳಿನಿಂದ ಮೀಟಿದರೆ ಡಬ್ಬಿ ಬಡಿದ ಹಾಗೆ ‘ಟಕ್’ ಅಂದು ನಿಂತುಹೋಗುತ್ತಿತ್ತು. ಮಾಮೂಲಿ ಗಿಟಾರಿನ ಹಾಗೆ ನಾದ ಹರಿಯುವುದೇ ಇಲ್ಲ. ಮುದುಕ ಟೋಪಿ ಹಾಕಿದ ಅಂದುಕೊಂಡೆ. ಮೂರು ತಿಂಗಳು ಹಾಗೇ ಇಟ್ಟೆ.

ಆಮೇಲೆ ಆ ಮುದುಕರೇ ಒಂದು ಸಂಜೆ ಕರೆದುಕೊಂಡು ಹೋದರು. ಊರಿನ ಒಂದು ಚರ್ಚ್‌ನ ನೆಲಮಾಳಿಗೆಯಲ್ಲಿ ಏಳೆಂಟು ಜನ ಸೇರಿ ಹಳೆಯ ಜಾಝ್ ನುಡಿಸುತ್ತಿದ್ದರು. ಎರಡು ಸ್ಯಾಕ್ಸೊಫೋನ್, ಒಂದು ಟ್ರಂಪೆಟ್, ಪಿಯಾನೊ, ದೊಡ್ಡ ಬಾಸ್, ಡ್ರಮ್ಸ್. ಮೈಕಿಲ್ಲ. ಆ ಗದ್ದಲದಲ್ಲಿ ನನ್ನ ಗಿಟಾರ್ ಎಲ್ಲಿ ಕೇಳುತ್ತದೆ ಅಂದುಕೊಂಡೆ. ಮುದುಕರು ನನ್ನ ಎಡಗೈ ಹಿಡಿದು ಬೆರಳು ಕೂರಿಸಿದರು. ಮಧ್ಯದ ಬೆರಳು ಆರನೇ ತಂತಿಯ ಮೂರನೇ ಫ್ರೆಟ್ (ವೀಣೆಯ ಮೆಟ್ಟಿಲಿನಂಥದ್ದು). ತೋರುಬೆರಳು ನಾಲ್ಕನೇ ತಂತಿಯ ಎರಡನೇ ಫ್ರೆಟ್. ಉಂಗುರಬೆರಳು ಮೂರನೇ ತಂತಿಯ ನಾಲ್ಕನೇ ಫ್ರೆಟ್. ಅಷ್ಟೇ, ಜಿ ಸಿಕ್ಸ್ತ್ ಅನ್ನುವ ಸ್ವರಗುಚ್ಛ. ಮಿಕ್ಕ ಮೂರು ತಂತಿ ಬೆರಳಿನ ಪಕ್ಕಕ್ಕೋ ಅಡಿಗೋ ತಾಗಿಕೊಂಡು ಸದ್ದು ಮಾಡದೆ ಇರಬೇಕು. ಬಲಗೈಯಲ್ಲಿ ದಪ್ಪ ಪ್ಲೆಕ್ಟ್ರಮ್, ಅಂದರೆ ತಂತಿ ಮೀಟುವ ಬಿಲ್ಲೆ. ಒಂದು ತಾಳದಲ್ಲಿ ನಾಲ್ಕು ಹೊಡೆತ, ಎಲ್ಲವೂ ಕೆಳಮುಖ. ಹೊಡೆದ ತಕ್ಷಣ ಎಡಗೈ ಸಡಿಲ ಬಿಡಬೇಕು, ತಂತಿಯಿಂದ ಬೆರಳು ಎತ್ತಬಾರದು, ಒತ್ತು ಮಾತ್ರ ತೆಗೆಯಬೇಕು. ಆಗ ‘ಚಂಕ್’ ಅಂತ ಒಂದು ಸದ್ದು ಬರುತ್ತದೆ. ಚಂಕ್, ಚಂಕ್, ಚಂಕ್, ಚಂಕ್.

ಎರಡು ಸುತ್ತು ಆಗುವಷ್ಟರಲ್ಲಿ ನನಗೆ ವಿಷಯ ಹೊಳೆಯಿತು. ‘ಟಕ್’ ಅಂದು ನಿಲ್ಲುವುದು ಅದರ ದೋಷ ಅಲ್ಲ, ಅದಕ್ಕಾಗಿಯೇ ಅದನ್ನು ಮಾಡಿದ್ದು! 1920, 30ರ ದಶಕದಲ್ಲಿ ನೃತ್ಯದ ಬ್ಯಾಂಡ್‌ಗಳಲ್ಲಿ ಹತ್ತು ಹನ್ನೆರಡು ಊದುವಾದ್ಯಗಳ ನಡುವೆ ಗಿಟಾರ್ ಕೇಳಬೇಕಿತ್ತು. ಆಗ ಅದಕ್ಕೆ ವಿದ್ಯುತ್ ಇರಲಿಲ್ಲ. ಅದಕ್ಕೇ ದೇಹ ದೊಡ್ಡದು ಮಾಡುತ್ತಾ ಹೋದರು. ಎಲ್-5 ಹದಿನಾರು ಇಂಚು ಅಗಲ ಇದ್ದದ್ದು 1930ರ ದಶಕದ ಮಧ್ಯದಲ್ಲಿ ಹದಿನೇಳು ಆಯಿತು. 1934ರಲ್ಲಿ ಬಂದ ಸೂಪರ್ 400 ಹದಿನೆಂಟು ಇಂಚು, ಬೆಲೆ 400 ಡಾಲರ್, ಹೆಸರೇ ಬೆಲೆ. ನಾದ ಬೇಗ ಎದ್ದು ಬೇಗ ಬೀಳುವುದರಿಂದ ಒಂದು ಹೊಡೆತ ಇನ್ನೊಂದರ ಮೇಲೆ ಕೆಸರಾಗುವುದಿಲ್ಲ. ಡ್ರಮ್ ಮತ್ತು ಬಾಸ್ ನಡುವೆ ಸಂದು ಹುಡುಕಿಕೊಂಡು ಕೂತುಬಿಡುತ್ತದೆ.

ಈ ಕೆಲಸದಲ್ಲಿ ಎಲ್ಲರಿಗೂ ಗುರು ಅಂದರೆ ಫ್ರೆಡ್ಡಿ ಗ್ರೀನ್. ಕೌಂಟ್ ಬೇಸಿ ಎಂಬ ಪಿಯಾನೊ ವಾದಕರ ಜಾಝ್ ಆರ್ಕೆಸ್ಟ್ರಾದಲ್ಲಿ 1937ರಿಂದ ತೀರಿಕೊಂಡ 1987ರವರೆಗೆ, ಹೆಚ್ಚುಕಮ್ಮಿ ಐವತ್ತು ವರ್ಷ, ತಾಳಕ್ಕೆ ನಾಲ್ಕು ಹೊಡೆತ ಹೊಡೆದವರು. ಸೋಲೊ ನುಡಿಸಿದ್ದು ಇಲ್ಲವೇ ಇಲ್ಲ ಅನ್ನುವಷ್ಟು ಕಡಿಮೆ. ಧ್ವನಿಮುದ್ರಿಕೆ ಹಾಕಿದರೆ ಗಿಟಾರ್ ಎಲ್ಲಿದೆ ಅಂತ ಹುಡುಕಬೇಕು, ತೆಗೆದುಬಿಟ್ಟರೆ ಮಾತ್ರ ಮನೆಯ ತೊಲೆ ಹೋದ ಹಾಗೆ. ಕಛೇರಿಯಲ್ಲಿ ತಂಬೂರಿ ಹಿಡಿದು ಹಿಂದೆ ಕೂತವರನ್ನು ಯಾರೂ ನೋಡುವುದಿಲ್ಲ ಅಲ್ವಾ, ಹಾಗೆ. ಒಂದು ವ್ಯತ್ಯಾಸ ಅಂದರೆ ತಂಬೂರಿಗೆ ತಾಳದ ಹೊಣೆ ಇಲ್ಲ. ನಾನು ಆ ನೆಲಮಾಳಿಗೆಯಲ್ಲಿ ಹನ್ನೆರಡು ವರ್ಷ ಕೂತೆ, ಒಂದು ಸೋಲೊ ನುಡಿಸಲಿಲ್ಲ, ಯಾರೂ ಕೇಳಲೂ ಇಲ್ಲ.

1936ರಲ್ಲಿ ಗಿಬ್ಸನ್‌ನವರೇ ಇಎಸ್-150 ಎಂಬ ವಿದ್ಯುತ್ ಗಿಟಾರ್ ತಂದರು. ಚಾರ್ಲಿ ಕ್ರಿಶ್ಚಿಯನ್ ಎಂಬ ಜಾಝ್ ವಾದಕ ಅದನ್ನು ಹಿಡಿದು ಸ್ಯಾಕ್ಸೊಫೋನಿನ ಹಾಗೆ ಸೋಲೊ ನುಡಿಸಿದ ಮೇಲೆ ಬರೀ ಮರದ ಆರ್ಚ್‌ಟಾಪ್‌ಗೆ ಕೆಲಸ ಕಮ್ಮಿಯಾಗುತ್ತಾ ಬಂತು. ಇದ್ದವರು ಏನು ಮಾಡಿದರು? ಕೆತ್ತಿದ ಮುಖಕ್ಕೆ ತೂತು ಕೊರೆದು ಪಿಕಪ್ (ತಂತಿಯ ಕಂಪನವನ್ನು ವಿದ್ಯುತ್ತಾಗಿಸುವ ಸಾಧನ) ಸಿಕ್ಕಿಸಿದರು, ಗುಂಡಿಗಳನ್ನು ಕೂರಿಸಿದರು. ಅಂಥ ಗಾಯ ಆಗದ ಹಳೆ ಆರ್ಚ್‌ಟಾಪ್ ಸಿಕ್ಕರೆ ಪುಣ್ಯ. ನನ್ನದರಲ್ಲಿ ಒಂದೇ ಒಂದು ತೂತಿದೆ, ಪಕ್ಕದಲ್ಲಿ, ವೈರ್ ಸಿಕ್ಕಿಸಲು ಯಾರೋ ಕೊರೆದದ್ದು. ಅದಕ್ಕೆ ಒಂದು ಕಾರ್ಕ್ ತುಂಡು ತುರುಕಿದ್ದೇನೆ.

ಈಗ ಲಾಭದ ವಿಷಯ. ನಿಮ್ಮ ಲೇಖಕರು ಹಳೆ ಗಿಟಾರ್ ಅಂದರೆ ಬೆಲೆ ಏರುತ್ತಲೇ ಹೋಗುತ್ತದೆ ಅಂತ ಬರೆದಿದ್ದಾರೆ. 1930ರ ದಶಕದ, ಅಮೆರಿಕದ ಮಾರ್ಟಿನ್ ಕಂಪನಿಯ ಗಿಟಾರ್‌ಗಳಿಗೆ, 1950ರ ದಶಕದ ಕೆಲವು ವಿದ್ಯುತ್ ಗಿಟಾರ್‌ಗಳಿಗೆ ಆ ಮಾತು ಸಲ್ಲುತ್ತದೆ. ಬರೀ ಮರದ ಆರ್ಚ್‌ಟಾಪ್ ಆ ಓಟದಲ್ಲಿ ಹಿಂದೆ ಬಿದ್ದ ಕುದುರೆ. ಅಷ್ಟೊಂದು ಕೆತ್ತನೆ ಕೆಲಸ, ಅಷ್ಟು ಹಳೆಯದು, ಆದರೂ ಅದೇ ಕಾಲದ ಮಾರ್ಟಿನ್‌ಗಿಂತ ಎಷ್ಟೋ ಕಡಿಮೆಗೆ ಸಿಗುತ್ತದೆ. ಕಾರಣ ಸರಳ, ಅದನ್ನು ನುಡಿಸುವವರು ಕಡಿಮೆ. ನ್ಯೂಯಾರ್ಕ್‌ನ ಕೆನ್‌ಮೇರ್ ಬೀದಿಯಲ್ಲಿ 1932ರಿಂದ ಅಂಗಡಿ ಇಟ್ಟಿದ್ದ ಜಾನ್ ಡಿ’ಆಂಜೆಲಿಕೊ ಕೈಯಲ್ಲಿ ಮಾಡಿದ್ದೇ ಬೇರೆ. ಅವರು 1964ರಲ್ಲಿ ತೀರಿಕೊಳ್ಳುವವರೆಗೆ ಮಾಡಿದ್ದು ಸಾವಿರದ ನೂರು ಚಿಲ್ಲರೆ ಗಿಟಾರ್ ಮಾತ್ರ. ಅವುಗಳ ಬೆಲೆ ನಮ್ಮಂಥವರಿಗಲ್ಲ. 2011ರಲ್ಲಿ ನ್ಯೂಯಾರ್ಕ್‌ನ ಮೆಟ್ರೊಪಾಲಿಟನ್ ಮ್ಯೂಸಿಯಂ ಅವರದ್ದೂ ಅವರ ಶಿಷ್ಯ ಡಿ’ಅಕ್ವಿಸ್ಟೊ ಅವರದ್ದೂ ಗಿಟಾರ್‌ಗಳನ್ನು ಪ್ರದರ್ಶನಕ್ಕಿಟ್ಟಿತ್ತು. ನಾನು ಎರಡು ದಿನ ರಜೆ ಹಾಕಿ ಹೋಗಿ ನೋಡಿ ಬಂದೆ. ಚೆಲುವು ಅಂದರೆ ಚೆಲುವು. ಗಾಜಿನ ಹಿಂದೆ ಸಾಲಾಗಿ ನಿಂತಿದ್ದವು, ಒಂದೂ ಚಂಕ್ ಅನ್ನಲಿಲ್ಲ. 1990ರ ದಶಕದಲ್ಲಿ ಸ್ಕಾಟ್ ಚಿನರಿ ಎಂಬ ಸಂಗ್ರಹಕಾರ ಇಪ್ಪತ್ತೆರಡು ಜನ ಕುಶಲಕರ್ಮಿಗಳಿಂದ ಒಂದೊಂದು ಆರ್ಚ್‌ಟಾಪ್ ಮಾಡಿಸಿದರು, ಎಲ್ಲವೂ ನೀಲಿ ಬಣ್ಣದ್ದೇ ಆಗಬೇಕು ಅಂತ ಷರತ್ತು ಹಾಕಿ. ದುಡ್ಡಿದ್ದರೆ ಹೀಗೂ ಹುಚ್ಚು ಹಿಡಿಯಬಹುದು. ನನಗೆ ಆ ಹುಚ್ಚಿನ ಮೇಲೆ ಸಿಟ್ಟಿಲ್ಲ, ಕನಿಷ್ಠ ಅಷ್ಟು ಜನ ಕೆತ್ತುವವರಿಗೆ ಕೆಲಸ ಸಿಕ್ಕಿತು.

ಲಾಕರ್‌ನಲ್ಲಿಡುವ ಮಾತಿಗೆ ಬರುತ್ತೇನೆ. ನುಡಿಸುತ್ತಾ ಇದ್ದರೆ ಮರ ಪಳಗಿ ನಾದ ತೆರೆದುಕೊಳ್ಳುತ್ತದೆ ಅನ್ನುವವರು ತುಂಬ ಜನ. ನಾನು ಲ್ಯಾಬಿನಲ್ಲಿ ಕೆಲಸ ಮಾಡಿದವನು, ಅಷ್ಟು ಸುಲಭಕ್ಕೆ ನಂಬುವುದಿಲ್ಲ. ನಮ್ಮ ಕಿವಿಯೇ ಪಳಗುತ್ತದೋ ಏನೋ. ಆದರೆ ದಿನಾ ಕೈಗೆ ತಗೊಂಡರೆ ಒಂದು ಅನುಕೂಲ ಇದೆ, ಅದಕ್ಕೆ ಏನಾಗಿದೆ ಅಂತ ಅವತ್ತೇ ಗೊತ್ತಾಗುತ್ತದೆ. ಗೊತ್ತಾಗದೆ ನಾನು ಪೆಟ್ಟು ತಿಂದಿದ್ದೇನೆ. ಮಿಷಿಗನ್‌ನ ಚಳಿಗಾಲದಲ್ಲಿ ಮನೆಯೊಳಗೆ ಹೀಟರ್ ಓಡುತ್ತಾ ಇರುತ್ತದೆ, ಗಾಳಿ ಹಪ್ಪಳ ಒಣಗಿಸುವಷ್ಟು ಒಣ. ಈ ಗಿಟಾರ್‌ಗಳಿಗೆ ನೂರಕ್ಕೆ 45ರಿಂದ 55ರ ತೇವ ಬೇಕು. ನಮ್ಮ ಮನೆಯಲ್ಲಿ ಒಂದು ಜನವರಿಯಲ್ಲಿ 18 ಇತ್ತು. ಮಗಳ ಪರೀಕ್ಷೆ ಅಂತ ನಾನು ಹದಿನೈದು ದಿನ ಪೆಟ್ಟಿಗೆ ತೆಗೆದಿರಲಿಲ್ಲ. ಒಂದು ರಾತ್ರಿ ಪೆಟ್ಟಿಗೆಯೊಳಗಿಂದ ‘ಟಪ್’ ಅಂತ ಸದ್ದು. ಬೆಳಿಗ್ಗೆ ನೋಡಿದರೆ ಎಫ್ ಸೀಳಿನ ತುದಿಯಿಂದ ಕೆಳಕ್ಕೆ ಕೂದಲೆಳೆಯಷ್ಟು ಬಿರುಕು. ಒಳಗಿನಿಂದ ಸಣ್ಣ ಸಣ್ಣ ಮರದ ತುಂಡು ಅಂಟಿಸಿ ಸರಿ ಮಾಡಿಸಿದೆ. ಗೆರೆ ಈಗಲೂ ಇದೆ, ಬೆರಳಾಡಿಸಿದರೆ ಸಿಗುತ್ತದೆ.

ಇನ್ನೊಂದು ವಿಷಯ ಯಾರೂ ಹೇಳುವುದಿಲ್ಲ. ಹಳೆ ಗಿಟಾರಿನ ಮೇಲೆ, ಪ್ಲೆಕ್ಟ್ರಮ್ ತಾಗದಿರಲಿ ಅಂತ ಆಮೆ ಚಿಪ್ಪಿನ ಬಣ್ಣದ ಒಂದು ಹಲಗೆ ಇರುತ್ತದೆ, ಪಿಕ್‌ಗಾರ್ಡ್. ಅದು ಸೆಲ್ಯುಲಾಯ್ಡ್, ಹಳೆ ಸಿನಿಮಾ ರೀಲಿನ ಬಂಧು. ಅದರಲ್ಲಿ ಕರ್ಪೂರ ಬೆರೆಸಿರುತ್ತಾರೆ. ಎಂಬತ್ತು ವರ್ಷ ಆದಮೇಲೆ ಅದು ಕೊಳೆಯತೊಡಗುತ್ತದೆ, ಆಮ್ಲದ ಆವಿ ಬಿಡುತ್ತದೆ, ಹತ್ತಿರದ ಲೋಹಕ್ಕೆಲ್ಲ ಹಸಿರು ಹಿಡಿಯುತ್ತದೆ. ಪೆಟ್ಟಿಗೆ ಮುಚ್ಚಿಟ್ಟಷ್ಟೂ ಆವಿ ಒಳಗೇ ನಿಂತು ಜಾಸ್ತಿ ಹಾಳು. ನಾನು ಒಂದು ದಿನ ಪೆಟ್ಟಿಗೆ ತೆರೆದಾಗ ಅಡುಗೆಮನೆಯಿಂದ ಹೆಂಡತಿ “ಏನು, ಮಂಗಳಾರತಿ ಮಾಡ್ತಿದ್ದೀರಾ?” ಅಂತ ಕೇಳಿದಳು. ಅಷ್ಟು ಕರ್ಪೂರದ ವಾಸನೆ! ಅವತ್ತೇ ಆ ಹಲಗೆ ಬಿಚ್ಚಿ ಬೇರೆ ಡಬ್ಬಿಯಲ್ಲಿ, ಒಲೆಯಿಂದ ದೂರ ಇಟ್ಟೆ. ಸೆಲ್ಯುಲಾಯ್ಡ್‌ಗೆ ಬೆಂಕಿ ಬಿದ್ದರೆ ಧಗ್ ಅನ್ನುತ್ತದೆ. ಬ್ಯಾಂಕಿನ ಲಾಕರ್‌ನಲ್ಲಿ ಹತ್ತು ವರ್ಷ ಇಟ್ಟಿದ್ದರೆ ತೆಗೆಯುವ ಹೊತ್ತಿಗೆ ಏನಿರುತ್ತಿತ್ತು, ನೀವೇ ಯೋಚಿಸಿ. ಅಲ್ಲದೆ ಹದಿನೇಳು ಇಂಚಿನ ಗಿಟಾರ್ ಹಿಡಿಸುವ ಲಾಕರ್ ಯಾವ ಬ್ಯಾಂಕಿನಲ್ಲಿದೆಯೋ, ನನ್ನ ಅಕ್ಕನ ಮಗನೇ ಹೇಳಬೇಕು.

2015ರಲ್ಲಿ ಮೈಸೂರಿಗೆ ವಾಪಸ್ ಬಂದೆವು. ವಿಮಾನದಲ್ಲಿ ಜೊತೆಗೆ ಒಯ್ಯಲು ಬಿಡಲಿಲ್ಲ, ಸಾಮಾನಿನ ಜೊತೆ ಹಾಕಿದರು. ತಂತಿ ಸಡಿಲ ಮಾಡಿ, ಕುದುರೆ ಕೆಳಗೆ ಬಟ್ಟೆ ಇಟ್ಟು, ತಲೆಯ ಸುತ್ತ ಅಂಗಿಗಳನ್ನು ತುರುಕಿ ಕಳಿಸಿದ್ದೆ. ಬೆಂಗಳೂರಿನಲ್ಲಿ ಪೆಟ್ಟಿಗೆಯ ಒಂದು ಮೂಲೆ ಜಜ್ಜಿಹೋಗಿತ್ತು. ಗಿಟಾರ್ ನೋಡಲು ನೆಟ್ಟಗಿತ್ತು. ತಂತಿ ಬಿಗಿ ಮಾಡಿ ನುಡಿಸಿದರೆ ಒಂದೇ ಒಂದು ಸ್ವರಕ್ಕೆ ‘ಝರ್’ ಅನ್ನುತ್ತಿತ್ತು. ಬೆಂಗಳೂರಿನ ಒಂದು ದೊಡ್ಡ ಅಂಗಡಿಗೆ ತಗೊಂಡು ಹೋದೆ. ಅಲ್ಲಿದ್ದ ಹುಡುಗ ಅರ್ಧ ನಿಮಿಷ ನೋಡಿ, “ಸರ್, ಹೇಗಿದ್ರೂ ಹಳೇದು, ಮುಖಕ್ಕೆ ಒಂದು ಪಿಕಪ್ ಕಟ್ ಮಾಡಿ ಕೂರಿಸಿಬಿಡೋಣ, ಪಾಲಿಶ್ ಹೊಸದು ಹೊಡೆಯೋಣ, ಮಿರಮಿರ ಅನ್ನುತ್ತೆ” ಅಂದ. ನಾನು ಗಿಟಾರ್ ಎತ್ತಿಕೊಂಡು ಮುಂದಿನ ಬಸ್ಸಿಗೇ ವಾಪಸ್ ಬಂದೆ.

ಕೊನೆಗೆ ಸರಿಮಾಡಿದ್ದು ಮೈಸೂರಿನಲ್ಲಿ ವೀಣೆ ರಿಪೇರಿ ಮಾಡುವ ಒಬ್ಬ ಹಿರಿಯರು. ಅಮ್ಮನ ವೀಣೆಗೆ ಮೇಳ ಕಟ್ಟಿಸಲು (ಮೆಟ್ಟಿಲು ಕೂರಿಸಲು) ಅವರ ಬಳಿಯೇ ಹೋಗುತ್ತಿದ್ದೆವು. ಆರ್ಚ್‌ಟಾಪ್ ಅವರು ಕಂಡವರಲ್ಲ. ಮಡಿಲಲ್ಲಿ ಮಲಗಿಸಿಕೊಂಡು, ಬೆರಳ ಗೆಣ್ಣಿನಿಂದ ಅಂಚಿನುದ್ದಕ್ಕೂ ಹಲಸಿನ ಹಣ್ಣು ತಟ್ಟಿ ನೋಡುವ ಹಾಗೆ ತಟ್ಟುತ್ತಾ ಬಂದರು. ಟೊಕ್, ಟೊಕ್, ಟೊಕ್, ಒಂದು ಕಡೆ ಮಾತ್ರ ಟಪ. ಅಲ್ಲಿ ಬ್ಲೇಡ್ ಇಟ್ಟರೆ ಸಲೀಸಾಗಿ ಒಳಗೆ ಹೋಯಿತು. ಬೆನ್ನಿನ ಹಲಗೆ ಮತ್ತು ಪಕ್ಕದ ಹಲಗೆ ಸೇರುವ ಜಾಗ ಎರಡು ಇಂಚು ಬಿಟ್ಟುಕೊಂಡಿತ್ತು. ಫೆವಿಕಾಲ್ ಹಾಕ್ತೀರಾ ಅಂತ ಕೇಳಿದೆ. “ಅದು ಹಾಕಿದ್ರೆ ನಾಳೆ ಬಿಚ್ಚೋದು ಕಷ್ಟ. ಇದನ್ನ ಮಾಡಿದೋರು ಸರೇಸು ಹಾಕಿದಾರೆ, ವಾಸನೆ ನೋಡಿ” ಅಂದರು. ಚರ್ಮ, ಮೂಳೆ ಕುದಿಸಿ ಮಾಡುವ ಅಂಟು ಅದು. ಬಿಸಿ, ತೇವ ಎರಡೂ ತಾಗಿದರೆ ಬಿಟ್ಟುಕೊಳ್ಳುತ್ತದೆ, ಹಾಗಾಗಿ ಹಳೆ ವಾದ್ಯವನ್ನು ಬಿಸಿಲಲ್ಲಿ ನಿಂತ ಕಾರಿನಲ್ಲಿ ಬಿಡಬಾರದು. ಅದೇ ಗುಣದಿಂದ ರಿಪೇರಿಗೆ ಬಿಚ್ಚುವುದೂ ಸುಲಭ. ಸಣ್ಣ ಡಬ್ಬಿಯನ್ನು ಬಿಸಿನೀರಲ್ಲಿಟ್ಟು ಸರೇಸು ಕರಗಿಸಿ, ಬ್ಲೇಡಿನ ತುದಿಯಲ್ಲಿ ತೂರಿಸಿ, ಸೈಕಲ್ ಟ್ಯೂಬಿನ ಪಟ್ಟಿಯಿಂದ ಸುತ್ತಿ ಬಿಗಿದು, ಟ್ಯೂಬ್ ಪಾಲಿಶ್‌ಗೆ ತಾಗದಂತೆ ನಡುವೆ ಹಳೆ ಪಂಚೆ ಬಟ್ಟೆ ಇಟ್ಟು, ಎರಡು ದಿನ ಬಿಟ್ಟು ಬನ್ನಿ ಅಂದರು. ಇನ್ನೂರು ರೂಪಾಯಿ ತಗೊಂಡರು. ‘ಝರ್’ ಹೋಯಿತು.

ಈ ಗಿಟಾರಿಗೂ ನಮ್ಮ ಸಂಗೀತಕ್ಕೂ ನಂಟು ಇಲ್ಲ ಅಂದುಕೊಳ್ಳಬೇಡಿ. ಜೋಧಪುರದಲ್ಲಿ ಹುಟ್ಟಿದ ಬ್ರಿಜ್ ಭೂಷಣ್ ಕಾಬ್ರಾ ಅವರು ಹಿಂದೂಸ್ತಾನಿ ರಾಗ ನುಡಿಸಲು ಆರಿಸಿಕೊಂಡದ್ದು ಅದೇ ಗಿಬ್ಸನ್ ಸೂಪರ್ 400. ತಂತಿ ಎತ್ತರಿಸಿ, ಶ್ರುತಿಯ ತಂತಿ ಸೇರಿಸಿ, ಮಡಿಲಲ್ಲಿಟ್ಟುಕೊಂಡು ಉಕ್ಕಿನ ಕಡ್ಡಿಯಿಂದ ನುಡಿಸುತ್ತಿದ್ದರು. ವಿಶ್ವಮೋಹನ ಭಟ್ಟರ ಮೋಹನ ವೀಣೆಯೂ ಮೂಲದಲ್ಲಿ ಆರ್ಚ್‌ಟಾಪ್ ಗಿಟಾರೇ. ಅದಕ್ಕೆ ತರಬಿನ ತಂತಿಗಳನ್ನೂ, ಅಂದರೆ ಮೀಟದೆ ತಾವೇ ಅನುರಣಿಸುವ ತಂತಿಗಳನ್ನೂ, ಸೇರಿಸಿದ್ದಾರೆ. 1994ರಲ್ಲಿ ಅದನ್ನು ನುಡಿಸಿದ ಧ್ವನಿಮುದ್ರಿಕೆಗೆ ಗ್ರ್ಯಾಮಿ ಪ್ರಶಸ್ತಿಯೂ ಬಂತು. ಅಷ್ಟೊಂದು ತಂತಿಯ ಎಳೆತವನ್ನು ಚಪ್ಪಟೆ ಮುಖ, ಅಂಟಿಸಿದ ಕುದುರೆ ತಡೆಯುವುದು ಕಷ್ಟ. ಉಬ್ಬು ಮುಖ ಕಮಾನಿನ ಹಾಗೆ ಹೊತ್ತುಕೊಳ್ಳುತ್ತದೆ. ಮೀಟಿದರೆ ಬೇಗ ನಿಲ್ಲುವ ವಾದ್ಯದಲ್ಲಿ, ಸ್ವರದಿಂದ ಸ್ವರಕ್ಕೆ ಜಾರುವ ಮೀಂಡ್ ಹೇಗೆ ಎಳೆದರು ಅನ್ನುವುದು ನನಗೆ ಇವತ್ತಿಗೂ ಸೋಜಿಗ.

ಮರದ ನಂಟೂ ಇದೆ. ಗಿಟಾರ್ ಮಾಡುವವರು ಬ್ರೆಜಿಲ್‌ನ ಬೀಟೆಯ ಬದಲು ನಮ್ಮ ಪಶ್ಚಿಮ ಘಟ್ಟದ ಬೀಟೆಯನ್ನು ಕೊಳ್ಳತೊಡಗಿದರು. ಮಾರ್ಟಿನ್ ಕಂಪನಿ 1969ರಲ್ಲಿ ಬ್ರೆಜಿಲ್ ಬೀಟೆ ಬಿಟ್ಟು ನಮ್ಮದಕ್ಕೆ ಬಂತು. 2017ರ ಜನವರಿಯಿಂದ ಎಲ್ಲ ಜಾತಿಯ ಬೀಟೆಗೂ ಅಂತರರಾಷ್ಟ್ರೀಯ ಕಟ್ಟುಪಾಡು ಬಂದು, ಗಿಟಾರ್ ಮಾರಿ ಗಡಿ ದಾಟಿಸುವವರೆಲ್ಲ ಕಾಗದಪತ್ರಕ್ಕೆ ಓಡಾಡಿದರು. 2019ರ ನವೆಂಬರ್‌ನಲ್ಲಿ ಸಿದ್ಧ ವಾದ್ಯಗಳಿಗೆ ವಿನಾಯಿತಿ ಸಿಕ್ಕಿತು, ಬ್ರೆಜಿಲ್‌ನ ಬೀಟೆಗೆ ಮಾತ್ರ ಇಲ್ಲ. ನಿಮ್ಮ ಲೇಖಕರ ಮಾತು ಕೇಳಿ ಹೊರದೇಶದಿಂದ ಹಳೆ ಗಿಟಾರ್ ತರಿಸುವವರು ಹೊರಡುವ ಮೊದಲು ಅದರ ಬೆರಳುಹಲಗೆ ಯಾವ ಮರದ್ದು ಅಂತ ಕೇಳಿಕೊಳ್ಳಲಿ.

ಮೈಸೂರಿನ ಹವೆ ಇದಕ್ಕೆ ಒಗ್ಗಿದೆ. ಮಳೆಗಾಲದಲ್ಲಿ ಮುಖ ಸ್ವಲ್ಪ ಉಬ್ಬುತ್ತದೆ, ತಂತಿ ಮೇಲೇಳುತ್ತದೆ. ಕುದುರೆಯ ಎರಡು ಪಕ್ಕ ಸಣ್ಣ ಹಿತ್ತಾಳೆ ಚಕ್ರಗಳಿವೆ, ಅರ್ಧ ಸುತ್ತು ತಿರುಗಿಸಿ ಇಳಿಸುತ್ತೇನೆ. ಮಾರ್ಚ್‌ನಲ್ಲಿ ಅರ್ಧ ಸುತ್ತು ಏರಿಸುತ್ತೇನೆ. ಕುದುರೆ ಜಾಗ ಬಿಟ್ಟಿದೆಯೇ ಅಂತ ನೋಡಲು ಹನ್ನೆರಡನೇ ಫ್ರೆಟ್‌ನಲ್ಲಿ ತಂತಿಯನ್ನು ಬರೀ ಮುಟ್ಟಿ ಮೀಟಿ, ಆಮೇಲೆ ಒತ್ತಿ ಮೀಟಿ, ಎರಡೂ ಒಂದೇ ಸ್ವರ ಬಂದರೆ ಸರಿ. ವರ್ಷಕ್ಕೆ ಇಷ್ಟೇ ಚಾಕರಿ. ತಂತಿ ಒಂದೊಂದಾಗಿ ಬದಲಾಯಿಸುತ್ತೇನೆ, ಬುದ್ಧಿ ಬಂದಿದೆ.

ಒಂದು ಕೋರಿಕೆ. ಬೆಂಗಳೂರು ದಂಡುಪ್ರದೇಶದಲ್ಲಿ, ಕೋಲಾರದ ಚಿನ್ನದ ಗಣಿ ಊರಿನಲ್ಲಿ ಒಂದು ಕಾಲಕ್ಕೆ ಡ್ಯಾನ್ಸ್ ಬ್ಯಾಂಡ್‌ಗಳಿದ್ದವು. ಆ ಮನೆಗಳ ಅಟ್ಟದಲ್ಲಿ ಇಂಥ ಉಬ್ಬು ಮುಖದ ಗಿಟಾರ್ ಇದ್ದರೂ ಇರಬಹುದು. ಗಿಬ್ಸನ್ ಅಲ್ಲದಿದ್ದರೆ ಜರ್ಮನಿಯ ಹಾಫ್ನರ್ ಆದೀತು, ಹೆಸರೇ ಇಲ್ಲದ್ದೂ ಆದೀತು. ಸಿಕ್ಕರೆ ದಯವಿಟ್ಟು ಬಣ್ಣ ಹೊಡೆಸಬೇಡಿ, ಕೊರೆಯಬೇಡಿ. ಬೆಲೆ ಎಷ್ಟಾದೀತು ಅಂತ ಕೇಳುವ ಮೊದಲು ಹೊಸ ತಂತಿ ಹಾಕಿ, ಮೇಲೆ ಹೇಳಿದ ಮೂರು ಬೆರಳಿಟ್ಟು ನಾಲ್ಕು ಹೊಡೆತ ಹೊಡೆದು ನೋಡಿ. ಪಕ್ಕದಲ್ಲಿ ಯಾರಾದರೂ ಮೃದಂಗದವರೋ ಡ್ರಮ್ಸ್‌ನವರೋ ಇದ್ದರೆ ಇನ್ನೂ ಒಳ್ಳೆಯದು.

ಅಡಿಬರಹ ತಿದ್ದಿ ಒಂದು ಸಾಲು ಹಾಕುವಿರಾದರೆ ಸಂತೋಷ. ಅಕ್ಕನ ಮಗ ಈ ಭಾನುವಾರ ತನ್ನ ಮಗನನ್ನು ಕರೆದುಕೊಂಡು ಬರುತ್ತಾನಂತೆ. ಹುಡುಗನಿಗೆ ಹನ್ನೊಂದು ವರ್ಷ, ಶಾಲೆಯಲ್ಲಿ ಕೀಬೋರ್ಡ್ ಕಲಿಯುತ್ತಿದ್ದಾನೆ. ಹದಿನೇಳು ಇಂಚಿನ ಗಿಟಾರ್ ತಬ್ಬಿಕೊಂಡರೆ ಅವನ ಬಲಗೈ ತಂತಿಗೆ ಎಟುಕುತ್ತದೋ ಇಲ್ಲವೋ ಗೊತ್ತಿಲ್ಲ. ದಿವಾನದ ಮೇಲೆ ಎರಡು ದಿಂಬು ಹಾಕಿ ಕೂರಿಸಿ ನೋಡಬೇಕು.

ಇಂತಿ,
ನಿಮ್ಮ ಹಳೆಯ ಓದುಗ,
ಕುವೆಂಪುನಗರ, ಮೈಸೂರು